ಪಾಂಡವರ ಸೈಟು

ನಿನ್ನೆ ಸಂಜೆ ನಮ್ಮವರ ಚಪ್ಪಲಿಯ ಅಟ್ಟೆಯಿಂದ ಜಾಲಿ ಮುಳ್ಳು ಕೀಳುತ್ತ ಅಂಗಳದಲ್ಲಿ ಕೂತಿದ್ದೆ. ಇದು ನಮ್ಮ ಮನೆಯ ನಿತ್ಯದ ಕೆಲಸ. ಬೇರೆಯವರ ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡು ಇರುತ್ತದೆ. ನಮ್ಮ ಬಾಗಿಲ ಬಳಿ ಸ್ಟ್ಯಾಂಡಿನ ಜೊತೆಗೆ ಮೊಳೆಗೆ ತೂಗುಹಾಕಿದ ಒಂದು ಚಿಮಟಿಗೆಯೂ ಇದೆ. ಬಂದವರಿಗೆ ಮೊದಲು ನೀರು, ಆಮೇಲೆ ಚಿಮಟಿಗೆ, ಆಮೇಲೆ ಚಹಾ. "ಎಂಥಾ ಛಲೋ ಏರಿಯಾದಾಗ ಮನಿ ಕಟ್ಟೀರಿ" ಎಂದು ಯಾರಾದರೂ ಹೊಗಳಬೇಕಾದರೆ ಅವರು ಬಾಗಿಲವರೆಗೂ ಆಟೋದಲ್ಲಿ ಬಂದಿರಬೇಕು. ನಮ್ಮ ಬಾಗಿಲವರೆಗೆ ಆಟೋ ಬರುವುದಿಲ್ಲ. ಹಾಗಾಗಿ ಇದುವರೆಗೆ ಯಾರೂ ಹೊಗಳಿಲ್ಲ.

ನಾವಿರುವುದು ರಾಯಚೂರಿನಲ್ಲಿ. ಹಾಗೆಂದು ನಮ್ಮವರು ಹೇಳುತ್ತಾರೆ. ನೀವು ಮಾನ್ವಿ ರಸ್ತೆ ಹಿಡಿದು ಹೊರಟರೆ ಊರು ಮುಗಿದು, ಅಕ್ಕಿ ಗಿರಣಿಗಳೂ ಮುಗಿದು, ಹತ್ತಿ ಹೊಲಗಳು ಶುರುವಾಗಿ, ಇನ್ನೇನು ಮಾನ್ವಿಯೇ ಬಂತೇನೋ ಎನ್ನಿಸುವಾಗ ಎಡಕ್ಕೆ ಒಂದು ಭಾರಿ ಕಮಾನು ಕಾಣುತ್ತದೆ. ಅದರ ಮೇಲೆ 'ನಂದನವನ ಸಿಟಿ, ಫೇಸ್ ಎರಡು' ಎಂದು ಬರೆದಿದೆ. ಫೇಸ್ ಒಂದು ಎಲ್ಲಿದೆಯೆಂದು ಇಷ್ಟು ವರ್ಷಗಳಲ್ಲಿ ಯಾರಿಗೂ ಪತ್ತೆಯಾಗಿಲ್ಲ. ಕಮಾನಿನ ಎರಡೂ ಬದಿಗೆ ಸಿಮೆಂಟಿನ ಆನೆಗಳಿವೆ. ಒಂದರ ಸೊಂಡಿಲು ಮುರಿದು ಒಳಗಿನ ಕಬ್ಬಿಣದ ಸರಳು ಕಾಣುತ್ತದೆ. ಕಮಾನು ದಾಟಿದರೆ ಜಾಲಿ ಕಾಡು, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಬೀದಿ ದೀಪದ ಕಂಬಗಳಿವೆ, ದೀಪಗಳಿಲ್ಲ. ನಾಡಿಗೆಲ್ಲ ಕರೆಂಟು ಕಳಿಸುವ ಜಿಲ್ಲೆ ನಮ್ಮದು, ಕಳಿಸಿ ಕಳಿಸಿ ನಮ್ಮ ಕಂಬಗಳಿಗೆ ಉಳಿದಿಲ್ಲ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ನಾವು ಟ್ಯಾಂಕರಿನವನಿಗೆ ಫೋನ್ ಹಚ್ಚುತ್ತ ಕೂತಿರುತ್ತೇವೆ. ಕ್ಲಬ್ ಹೌಸ್ ಎಂಬುದೂ ಒಂದಿದೆ, ನಾಲ್ಕು ಗೋಡೆ ಮತ್ತು ಅರ್ಧ ಸ್ಲ್ಯಾಬು. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಕುರಿಗಳು ಮಲಗುತ್ತವೆ. ಸದ್ಯಕ್ಕೆ ಮೆಂಬರ್‌ಶಿಪ್ ಇರುವುದು ಅವುಗಳಿಗೆ ಮಾತ್ರ.

ನಮ್ಮವರು ಮಾನ್ವಿಯವರು, ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು. ನಾನು ದೇವದುರ್ಗ ತಾಲೂಕಿನ ಗೂಗಲ್ಲಿನವಳು, ಸರ್ಕಾರಿ ಶಾಲೆಯ ಟೀಚರಾಗಿದ್ದೆ. ಈಗ ಇಬ್ಬರೂ ನಿವೃತ್ತರು. ಸೈಟು ಕೊಂಡದ್ದು ಇಬ್ಬರಿಗೂ ಕೈಕಾಲು ಗಟ್ಟಿಯಿದ್ದಾಗ. ಲೇಔಟಿನವರು ನಮ್ಮನ್ನೆಲ್ಲ ಮಿನಿ ಬಸ್ಸಿನಲ್ಲಿ ಕೂರಿಸಿ, ಕೈಗೆ ಬಿಸಿ ಮಿರ್ಚಿ ಭಜಿ ಕೊಟ್ಟು, ಹತ್ತಿ ಕಟ್ಟಿಗೆ ಕಿತ್ತ ಬಯಲಿಗೆ ಕರೆತಂದರು. ಟೈ ಕಟ್ಟಿಕೊಂಡ ಒಬ್ಬಾತ ಕೋಲು ಹಿಡಿದು ಗಾಳಿಯಲ್ಲಿ ತೋರಿಸುತ್ತ ಹೋದ. "ಇಲ್ಲಿ ಶಾಲಿ, ಇಲ್ಲಿ ದವಾಖಾನಿ, ಅಕಾ ಅಲ್ಲಿ ಈಜುಕೊಳ." ನಾನು ಕೋಲು ತೋರಿಸಿದ ಕಡೆ ನೋಡಿದೆ. ಒಂದು ಎಮ್ಮೆ ನಿಂತಿತ್ತು. ನಮ್ಮವರ ಮುಖ ನೋಡಿದೆ. ಅವರು ಆಗಲೇ ಈಜಾಡುತ್ತಿದ್ದರು.

"ಸಿಟಿ ಈ ಕಡಿನೇ ಬರ್ತದ, ನೋಡ್ತಿರು ನೀನು" ಎಂದರು ವಾಪಸು ಬಸ್ಸಿನಲ್ಲಿ, ಕೈಗೆ ಹತ್ತಿದ ಭಜಿಯ ಎಣ್ಣೆಯನ್ನು ನನ್ನ ಸೆರಗಿಗೆ ಒರೆಸುತ್ತ.

ಸಿಟಿ ಬಂತು. ಆದರೆ ಹೈದರಾಬಾದ್ ರಸ್ತೆಯ ಕಡೆ ಹೋಯಿತು. ಅಲ್ಲಿ ಗಾಜಿನ ಶೋರೂಮುಗಳೆದ್ದವು, ದೊಡ್ಡ ದವಾಖಾನೆಗಳು ಬಂದವು, ಐಸ್‌ಕ್ರೀಮಿನ ಅಂಗಡಿ ಬಂತು. ನಮ್ಮವರ ಗೆಳೆಯರೊಬ್ಬರು ಅದೇ ದಿನಗಳಲ್ಲಿ ಆ ಕಡೆ ಕಲ್ಲು ಗುಂಡಿನ ಒಂದು ಚೂರು ಜಾಗ ಕೊಂಡಿದ್ದರು. ಈಗ ಅವರು ಕಾರನ್ನು ಕಮಾನಿನ ಬಳಿ ಬಿಟ್ಟು ನಡೆದು ಬಂದು ನಮ್ಮಲ್ಲಿ ಚಹಾ ಕುಡಿದು, "ನಿಮ್ಮ ಕಡಿ ಗಾಳಿ ಭಾಳ ಛಲೋ ಅದ ಬಿಡ್ರಿ" ಎಂದು ಹೇಳಿ ಹೋಗುತ್ತಾರೆ. ಏನೂ ಇಲ್ಲದ ಜಾಗದಲ್ಲಿ ಗಾಳಿಯನ್ನೇ ಹೊಗಳಬೇಕು ಪಾಪ, ಅವರಾದರೂ ಏನು ಮಾಡಿಯಾರು.

ಗೂಗಲ್ ಎಂದರೆ ಈಗಿನ ಮಕ್ಕಳು ನಗುತ್ತಾರೆ, ಫೋನು ತೆಗೆದು ತೋರಿಸುತ್ತಾರೆ. ನಮ್ಮದು ಅದಲ್ಲ, ಕೃಷ್ಣೆಯ ದಂಡೆಯದು. ಬೇಸಿಗೆಯಲ್ಲಿ ಹೊಳೆ ಸರಿದು ಮರಳು ಬಿದ್ದರೆ ಅಲ್ಲಮಪ್ರಭುವಿನ ಗುಡಿಯ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿಗೆ ಉಪ್ಪು ಖಾರ ಹಚ್ಚಿ ಚೀಪುತ್ತ ನಾವು ಇಡೀ ಮಧ್ಯಾಹ್ನ ಕಳೆಯುತ್ತಿದ್ದೆವು. ಅಲ್ಲಿ ಮನೆಗೆ ನಂಬರ್ ಇರಲಿಲ್ಲ. ಹೊಲದ ಮೇರೆಯೂ ಒಂದು ರಗಳೆಯಲ್ಲ, ಬಾರಿ ಗಿಡದಿಂದ ಆಚೆ ಅವರದು, ಈಚೆ ನಮ್ಮದು. ಬಾರಿ ಹಣ್ಣು ಮಾತ್ರ ಯಾರು ಮೊದಲು ಎದ್ದರೋ ಅವರದು. ಇಂಥ ಊರಿನಿಂದ ಬಂದ ನಾನು ಅಳತೆ, ನಕ್ಷೆ, ಪೂರ್ವ ದಿಕ್ಕು, ಮೂಲೆ ಸೈಟು ಎಂಬ ಮಾತೆಲ್ಲ ಕೇಳಿದಾಗ ಬೆರಗಾಗಿದ್ದೆ. ನಮ್ಮವರಿಗೆ ಗೊತ್ತಿರುತ್ತದೆ ಬಿಡು ಎಂದುಕೊಂಡೆ. ಗುಮಾಸ್ತರ ಹೆಂಡತಿಯರಿಗೆ ಇರುವ ದೊಡ್ಡ ಮೂಢನಂಬಿಕೆ ಇದೇ.

ಮನೆ ಕಟ್ಟಿಸುವ ಕಾಲ ಬಂದಾಗ ಲೇಔಟಿನವರ ಆಫೀಸಿಗೆ ಬೀಗ ಬಿದ್ದಿತ್ತು. ಬಯಲೆಲ್ಲ ಜಾಲಿ. ಸೈಟಿನ ಮೂಲೆಗೆ ಸುಣ್ಣ ಬಳಿದು ನಂಬರ್ ಬರೆದು ನೆಟ್ಟಿದ್ದ ಕಲ್ಲುಗಳನ್ನು ಸುತ್ತಲ ಮಂದಿ ಒಲೆಗೆ, ಮೆಟ್ಟಿಲಿಗೆ, ದನದ ಗೂಟಕ್ಕೆ ಎಂದು ಎತ್ತಿಕೊಂಡು ಹೋಗಿದ್ದರು. ನಮ್ಮವರು, ನಾನು, ಮೇಸ್ತ್ರಿ ಮೂವರೂ ಕೊಡಲಿ ಹಿಡಿದು ಮುಳ್ಳು ಸವರುತ್ತ ನಮ್ಮ ಸೈಟು ಹುಡುಕಿದೆವು. ಕಡೆಗೆ ಒಂದು ಬನ್ನಿ ಮರದ ಬುಡದಲ್ಲಿ ಐದು ಕಲ್ಲು ಕಂಡವು. ಹೊಸದಾಗಿ ಸುಣ್ಣ ಬಳಿದು ಬೆಳ್ಳಗೆ ಹೊಳೆಯುತ್ತಿದ್ದವು. ನಮ್ಮವರ ಮುಖವೂ ಹಾಗೇ ಹೊಳೆಯಿತು.

"ನೋಡಿದೇನು? ಸೈಟಿನ ಕಲ್ಲು! ನಂಬರ್ ಮಳಿಗಿ ಅಳಿಸ್ಯಾವ, ಅಷ್ಟೇ."

"ನಂಬರ್ ಅಳಿಸಿದ ಮಳಿ ಸುಣ್ಣಾ ಅಳಿಸಲಿಲ್ಲೇನ್ರಿ?" ಎಂದೆ.

"ನಿನಗ ಲೇಔಟಿನ ಕೆಲಸ ತಿಳ್ಯಂಗಿಲ್ಲ, ಸುಮ್ನಿರು."

ಮೇಸ್ತ್ರಿ ತಲೆ ಕೆರೆದುಕೊಂಡು, "ಇದೇ ಇರಬೇಕ್ರಿ" ಎಂದ. ಆ 'ಇರಬೇಕು' ಎಂಬ ಮಾತಿನ ಮೇಲೆ ನಮ್ಮ ಮನೆಯ ಪಾಯ ಬಿದ್ದಿತು. ಬನ್ನಿ ಮರ ಕಡಿಯಲು ಮಾತ್ರ ಮೇಸ್ತ್ರಿ ಒಪ್ಪಲಿಲ್ಲವಾಗಿ ಅದು ಅಂಗಳದಲ್ಲಿ ಉಳಿಯಿತು. ಐದು ಕಲ್ಲುಗಳನ್ನು ನಾವು ಮನೆಗೆಲಸಕ್ಕೆ ಬಳಸಿಕೊಂಡೆವು. ದೊಡ್ಡದೊಂದು ಬಟ್ಟೆ ಒಗೆಯಲು ನನಗೆ ಬಲು ಅನುಕೂಲವಾಗಿತ್ತು.

ಗೃಹಪ್ರವೇಶವಾಗಿ ನಾಲ್ಕೈದು ತಿಂಗಳಿಗೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅಂದು ಹೊಲವಿದ್ದವರೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಮನೆಯಿಂದ ತಂದ ಅಡುಗೆಯನ್ನೆಲ್ಲ ಕಲೆಸಿ ಹೊಲದ ತುಂಬ ಚೆಲ್ಲುತ್ತಾರೆ. ಬೆಳೆದು ಕೊಟ್ಟ ಭೂಮಿಗೆ ಊಟ. ಅದಕ್ಕೆ ಚರಗ ಎಂದು ಹೆಸರು. ಚಿಕ್ಕಂದಿನಲ್ಲಿ ಅಪ್ಪ "ಹುಲ್ಲುಲ್ಲಿಗ್ಯೋ, ಸಲಾಂಬ್ರಿಗ್ಯೋ" ಎಂದು ಕೂಗುತ್ತ ಚರಗ ಚೆಲ್ಲಿದರೆ ನಾನು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಹಿಂದೆ ಓಡುತ್ತಿದ್ದೆ. ಆ ಕೂಗಿನ ಅರ್ಥವೇನೆಂದು ಅಪ್ಪನನ್ನು ಕೇಳಿದ್ದೆ. "ಅರ್ಥ ಇದ್ರ ಇಷ್ಟು ಜೋರು ಒದರಾಕ ಬರತಿತ್ತೇನ ಮಗಳ" ಎಂದಿದ್ದ. ಇಷ್ಟೆಲ್ಲ ಕಂಡ ನನಗೆ ಬನ್ನಿ ಮರ, ಸುಣ್ಣ ಬಳಿದ ಐದು ಕಲ್ಲು ಒಟ್ಟಿಗೆ ಕಣ್ಣಿಗೆ ಬಿದ್ದರೂ ಏನೂ ಹೊಳೆಯಲಿಲ್ಲ. ಸೈಟು ಕೊಂಡವರ ತಲೆಯೂ ಸೈಟಿನ ಹಾಗೇ ಖುಲ್ಲಾ ಇರುತ್ತದೆ.

ಅಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ. ಜಾಲಿ ಪೊದೆಗಳ ನಡುವೆ ಸದ್ದು ಮಾಡುತ್ತ ಒಂದು ಟ್ರ್ಯಾಕ್ಟರು ಬಂದು ನಮ್ಮ ಗೇಟಿನ ಎದುರಿಗೇ ನಿಂತಿತು. ಟ್ರೇಲರಿನ ತುಂಬ ಹೆಂಗಸರು, ಮಕ್ಕಳು, ಬಟ್ಟೆ ಮುಚ್ಚಿದ ಬುಟ್ಟಿಗಳು. ಎಲ್ಲರಿಗಿಂತ ಮೊದಲು ಇಳಿದವಳು ಒಬ್ಬ ಎತ್ತರದ ಮುದುಕಿ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಮನೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇಲ್ಲಿ ಮನಿ ಯಾವಾಗ ಬಂತು?"

"ನಾಕೈದು ತಿಂಗಳಾತ್ರಿ" ಎಂದರು ನಮ್ಮವರು ಹೆಮ್ಮೆಯಿಂದ. ಲೇಔಟಿಗೆ ಜನ ಬರಲು ಶುರುವಾಯಿತೆಂದೇ ಅವರ ಎಣಿಕೆ. "ಬರ್ರಿ, ಒಳಗ ಬರ್ರಿ. ಸೈಟ್ ನೋಡಾಕ ಬಂದೀರೇನು?"

"ಒಳಗ ಆಮ್ಯಾಲೆ ಬರ್ತೀನಿ. ನಮ್ಮ ಪಾಂಡವರನ್ನ ಏನ್ ಮಾಡೀರಿ, ಅದನ್ನ ಹೇಳು ಮೊದಲು."

"ಯಾವ ಪಾಂಡವರ್ರೀ?"

ಮುದುಕಿಯ ಕಣ್ಣು ಅಂಗಳ ಸುತ್ತಿ ನನ್ನ ಮೇಲೆ ಬಂದು ನಿಂತಿತು. ನನ್ನ ಮೇಲಲ್ಲ, ನನ್ನ ಕೈ ಕೆಳಗೆ.

"ಅಯ್ಯ ನನ್ನವ್ವನ! ಭೀಮನ ಮ್ಯಾಲೆ ಗಂಡನ ಬನೀನು ಒಗ್ಯಾಕತ್ತೀಯಲ್ಲಬೇ!"

ನನ್ನ ಕೈಯಿಂದ ಬನಿಯನ್ ಜಾರಿತು. ಉಳಿದ ನಾಲ್ವರನ್ನೂ ಆಕೆಯೇ ಹುಡುಕಿದಳು. ಗೇಟಿನ ಮೆಟ್ಟಿಲಾಗಿದ್ದವನು ಧರ್ಮರಾಯ, "ತುಳಕೊಂಡು ಒಳಗ ಹೋಗಾಕತ್ತೀರಲ್ಲೋ ಯಪ್ಪಾ" ಎಂದು ಆಕೆ ಹಣೆ ಬಡಿದುಕೊಂಡಳು. ಅರ್ಜುನ ನೀರಿನ ಡ್ರಮ್ಮಿನ ಕೆಳಗಿದ್ದ. ನಕುಲ ಸಹದೇವರು ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರು ಹೊತ್ತಿದ್ದರು. ಪಾಂಡವರು ಹಿಂದೊಮ್ಮೆ ವಿರಾಟನ ಮನೆಯಲ್ಲಿ ಚಾಕರಿ ಮಾಡಿದ್ದುಂಟು, ಆದರೆ ಅಲ್ಲಿ ಇಷ್ಟು ಕಷ್ಟವಿರಲಿಲ್ಲ. ನಮ್ಮವರು ಗೋಡೆಗೆ ಒರಗಿ ನಿಂತು ಬೆವರು ಒರೆಸಿಕೊಂಡರು.

ಆಕೆಯ ಹೆಸರು ಈರಮ್ಮ. ಈ ಬಯಲೆಲ್ಲ ಒಂದು ಕಾಲಕ್ಕೆ ಆಕೆಯ ಗಂಡನ ಮನೆಯ ಹೊಲ. ಗಂಡ ತೀರಿದ ಮೇಲೆ ಮಕ್ಕಳು ಲೇಔಟಿನವರಿಗೆ ಮಾರಿ ಯಾಪಲದಿನ್ನಿ ಎಂಬ ಹಳ್ಳಿಯಲ್ಲಿ ಹೊಲ ಹಿಡಿದು ಅಲ್ಲೇ ಮನೆ ಮಾಡಿದ್ದರು. ಮಾರುವಾಗ ಈರಮ್ಮ ಒಂದು ಹಟ ಹಿಡಿದಿದ್ದಳು. ಬನ್ನಿ ಮರ, ಪಾಂಡವರು, ಸುತ್ತಲಿನ ಒಂದು ಮನೆಯಷ್ಟು ನೆಲ ಮಾರುವುದಿಲ್ಲವೆಂದು. ಲೇಔಟಿನ ನಕ್ಷೆಯಲ್ಲಿ ನಂಬರಿಲ್ಲದ ಒಂದು ಚೌಕ ಇದ್ದದ್ದು ನನಗೆ ಆಗ ನೆನಪಾಯಿತು. ಅದು ಅಚ್ಚಿನ ತಪ್ಪೆಂದು ನಮ್ಮವರು ಹೇಳಿದ್ದರು. ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಬಂದು ಈಕೆ ಸುಣ್ಣ ಬಳಿದು ಹೋಗುತ್ತಿದ್ದಳು. ಒಂದು ಅಮಾವಾಸ್ಯೆಗೂ ಇನ್ನೊಂದಕ್ಕೂ ನಡುವೆ ನಾವು ಅಲ್ಲಿ ಮನೆ ಕಟ್ಟಿ ಮುಗಿಸಿದ್ದೆವು. ನಮ್ಮ ಅಸಲು ಸೈಟು ಮೂರು ಸೈಟು ಹಿಂದೆ ಜಾಲಿಯೊಳಗೆ ಹಾಯಾಗಿ ಮಲಗಿತ್ತು.

ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ದುಡಿದದ್ದೆಲ್ಲ ಸುರಿದು ಕಟ್ಟಿದ ಮನೆ, ನಿಂತ ನೆಲ ಬೇರೆಯವರದು. ಈಗ ಬೈಯುತ್ತಾಳೆ, ಈಗ ಪೊಲೀಸರನ್ನು ಕರೆಸುತ್ತಾಳೆ ಎಂದು ಕಾದೆ. ಈರಮ್ಮ ನಮ್ಮ ಡ್ರಮ್ಮಿನಿಂದ ಟ್ಯಾಂಕರಿನ ನೀರು ಮೊಗೆಮೊಗೆದು ಐವರಿಗೂ ಸ್ನಾನ ಮಾಡಿಸಿ, ಬನ್ನಿ ಮರದ ಬುಡದಲ್ಲಿ ಕೂರಿಸಿ, ಸುಣ್ಣ ಬಳಿದು ಪೂಜೆ ಮುಗಿಸಿದಳು. ಆಮೇಲೆ ಚರಗದ ಪುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, "ಬಾಗಲಾ ತಗೀರಿ, ನಮ್ಮ ಹೊಲ ಒಳಗೂ ಅದ" ಎಂದಳು.

ಹಾಲಿನಲ್ಲಿ ಚೆಲ್ಲಿದಳು, ಅಡುಗೆಮನೆಯಲ್ಲಿ ಚೆಲ್ಲಿದಳು, ಮಲಗುವ ಕೋಣೆಯಲ್ಲೂ ಚೆಲ್ಲಿದಳು. ಸಜ್ಜೆ ರೊಟ್ಟಿಯ ಚೂರು, ಪುಂಡಿ ಪಲ್ಯ, ಕಡುಬು, ಅನ್ನ ಎಲ್ಲ ನಮ್ಮ ಹೊಸ ಟೈಲ್ಸಿನ ಮೇಲೆ, ಸೋಫಾದ ಮೇಲೆ. ಸೊಸೆಯೊಬ್ಬಳು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ಬಂದಳು. ಟಿವಿಯ ಮೇಲೂ ಎರಡು ಹನಿ ಬಿತ್ತು. ಆಮೇಲೆ ಅಂಗಳದಲ್ಲಿ ಸಾಲಾಗಿ ಕೂತು ಊಟ. ನಮ್ಮನ್ನೂ ಕೂರಿಸಿ ಬಡಿಸಿದರು. ನಮ್ಮ ಮನೆಯ ಅಂಗಳದಲ್ಲಿ ನಾವೇ ಅತಿಥಿಗಳಾಗಿ ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡೆವು. ನಮ್ಮವರು ಭಯದಲ್ಲೂ ಮೂರು ಹೋಳಿಗೆ ತಿಂದರು.

ಊಟದ ಮೇಲೆ ಮಾತು ಬಂತು. ನಮ್ಮವರು ಕೈ ಮುಗಿದು, "ನಮ್ಮ ಸೈಟು ನೀವು ತಗೋರಿ, ಈ ಜಾಗ ನಮಗ ಬಿಟ್ಟುಕೊಡ್ರಿ, ಅದಲಿಬದಲಿ ಮಾಡ್ಕೊಳ್ಳೋಣು" ಎಂದರು. ಈರಮ್ಮನ ಸಣ್ಣ ಮಗ ಶರಣಪ್ಪ ಟ್ರ್ಯಾಕ್ಟರಿನವನು, ಅವನಿಗೆ ಇದು ಒಪ್ಪಿಗೆಯಾಯಿತು. ಪಾಂಡವರಿಲ್ಲದ ಸೈಟಾದರೆ ಮಾರಲು ಯಾರ ಅಡ್ಡಿಯೂ ಇರುವುದಿಲ್ಲ.

"ಜಾಗಾ ನನ್ನ ಹೆಸರಿಲೆ ಅದ, ಆದ್ರ ನಂದಲ್ಲ" ಎಂದಳು ಈರಮ್ಮ. "ಅವರು ಐದು ಮಂದೀದು. ಅವರನ್ನ ಕೇಳಬೇಕು."

ಕೇಳುವ ರೀತಿ ನಿಮಗೂ ಗೊತ್ತಿರುತ್ತದೆ. ದೇವರಿಗೆ ಹೂ ಹಚ್ಚುವುದು. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬೀಳದೇ ಹೋದರೆ ದೇವರು ಇನ್ನೂ ಯೋಚಿಸುತ್ತಿದ್ದಾನೆಂದು ಅರ್ಥ, ಮುಂದಿನ ಎಳ್ಳ ಅಮಾವಾಸ್ಯೆಗೆ ಮತ್ತೆ ಕೇಳಬೇಕು. ಹೊತ್ತು ಮುಳುಗುವ ತನಕ ಅವಕಾಶ. ಈರಮ್ಮ ಒಂದು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಭೀಮನ ಹಣೆಗೆ ಹಚ್ಚಿದಳು. ನಾವೆಲ್ಲ ಕೈ ಮುಗಿದು ಕೂತೆವು. ನಡು ಬಿಸಿಲು ಹೋಗಿ ಇಳಿ ಬಿಸಿಲು ಬಂತು, ಹೊತ್ತೂ ಮುಳುಗಿತು. ಹೂ ಬೀಳಲಿಲ್ಲ. "ನೋಡೂಣು ಬರೋ ವರ್ಷ" ಎಂದು ಈರಮ್ಮ ಸೆರಗು ಕೊಡವಿ ಎದ್ದಳು.

ಬರೋ ವರ್ಷವೂ ಹೂ ಬೀಳಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಭೀಮ ಇಷ್ಟೊಂದು ಯೋಚಿಸುವವನೆಂದು ನಾನು ಎಲ್ಲಿಯೂ ಓದಿರಲಿಲ್ಲ. ನಮ್ಮ ಸ್ಥಿತಿಯನ್ನು ಕೇಳಬೇಡಿ. ಮನೆ ನಮ್ಮದು, ಅದರಡಿಯ ನೆಲ ಅವರದು. ಸೈಟು ನಮ್ಮದು, ಅದರ ಮೇಲೆ ಜಾಲಿ. ಖಾತೆಯಿಲ್ಲ, ಖಾತೆಯಿಲ್ಲದೆ ಪೈಪಿನ ನೀರಿಲ್ಲ. ಆದರೆ ವರ್ಷಕ್ಕೊಮ್ಮೆ ಆ ಟ್ರ್ಯಾಕ್ಟರಿನ ಸದ್ದು ಕೇಳಿದರೆ ನನಗೆ ತವರಿನವರು ಬಂದಷ್ಟು ಖುಷಿಯಾಗುತ್ತಿತ್ತು. ಹಿಂದಿನ ದಿನವೇ ಸೋಫಾಕ್ಕೆ ಹಳೇ ಚಾದರ ಹೊದಿಸಿ, ಟಿವಿಗೆ ಪ್ಲಾಸ್ಟಿಕ್ ಮುಚ್ಚಿ, ಬೆಲ್ಲದ ಪಾಕ ಕಾಯಿಸಿ ನಾನೂ ಎರಡು ಬಗೆ ಮಾಡಿ ಇಡುತ್ತಿದ್ದೆ. ಬಡಾವಣೆಯ ಉಳಿದ ಮನೆಗಳವರು ಗೇಟು ಹಾಕಿಕೊಂಡೇ ಇರುವವರು. ಬಾಗಿಲು ತೆಗೆ ಎಂದು ಗದರಿಸಿ ಒಳಗೆ ಬರುವವಳು ಈರಮ್ಮ ಒಬ್ಬಳೇ.

ಒಂದು ವರ್ಷ ಅವರೆಲ್ಲ ಹೋದ ಮೇಲೆ ನಾನು ಬನ್ನಿ ಮರದ ಬುಡ ಗುಡಿಸುತ್ತಿದ್ದೆ. ಒಂದು ಇರುವೆ ಸಾಲು ಭೀಮನ ಬೆನ್ನೇರಿ ನೇರ ಹಣೆಯ ಹೂವಿಗೆ ಹೋಗುತ್ತಿತ್ತು. ಹೂವಿನಲ್ಲಿ ಇರುವೆಗೇನು ಕೆಲಸ ಎಂದು ಬೆರಳಿನಿಂದ ತಾಗಿಸಿದೆ. ಅಲುಗಲಿಲ್ಲ. ಜಗ್ಗಿದೆ, ಎಸಳು ಬಂತು, ತೊಟ್ಟು ಬರಲಿಲ್ಲ. ತೊಟ್ಟಿನ ಕೆಳಗೆ ಅಂಟು ಬೆಲ್ಲ. ಹೂವಿಗೆ ಈರಮ್ಮ ಹಚ್ಚುತ್ತಿದ್ದದ್ದು ನೀರಲ್ಲ, ಕಡುಬಿನ ಪಾಕ. ಇಡೀ ಹೊತ್ತು ಕೈ ಮುಗಿದು ಕೂತಿದ್ದ ನಮ್ಮವರ ಮುಖ ನೆನೆದು ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಸಿಟ್ಟು ಬಂತು.

ಮುಂದಿನ ಸಲ ಆಕೆಯನ್ನು ಅಡುಗೆಮನೆಗೆ ಕರೆದೊಯ್ದು ಕೇಳಿಯೇ ಬಿಟ್ಟೆ. "ಯವ್ವಾ, ಭೀಮನ ಬಾಯಿಗಿ ಬೆಲ್ಲಾ ಹಚ್ಚಿ ಸುಮ್ಮ ಕುಂಡ್ರಿಸೀಯಲ್ಲ, ನಾವೇನ್ ಮಾಡೀವಿ ನಿನಗ?"

ಆಕೆ ಗಾಬರಿಯಾಗಲಿಲ್ಲ. ಕಟ್ಟೆಗೆ ಒರಗಿ ನಿಂತು, ಬಾಗಿಲಾಚೆ ಮಕ್ಕಳು ಇಲ್ಲದ್ದು ನೋಡಿಕೊಂಡಳು.

"ನೀವೇನೂ ಮಾಡಿಲ್ಲವ್ವಾ. ಹೂ ಬಿತ್ತಂದ್ರ ನಿನ್ನ ಸೈಟು ನಮಗ ಬರ್ತದ. ಬಂದ ಮರುದಿನಾನೇ ನನ್ನ ಮಕ್ಕಳು ಅದನ್ನ ಮಾರತಾರ. ಅಲ್ಲಿಗಿ ಮುಗೀತು. ಇಲ್ಲಿ ನಂದು ಅನ್ನೂದು ಏನೂ ಉಳ್ಯಂಗಿಲ್ಲ."

"ಯಾಪಲದಿನ್ನ್ಯಾಗ ಅಷ್ಟು ಹೊಲ ಅದಲ್ಲ ನಿಮ್ಮದು?"

"ಅದು ರೊಕ್ಕಾ ಕೊಟ್ಟ ಹೊಲ. ಇದು ನಾ ಮದಿವ್ಯಾಗಿ ಬಂದ ವರ್ಷ ನಮ್ಮತ್ತಿ ಉಡಿ ತುಂಬಿ, ಚರಗದ ಪುಟ್ಟಿ ಕೈಯಾಗ ಕೊಟ್ಟು, ಇನ್ನ ಮ್ಯಾಲೆ ನೀನ ಚೆಲ್ಲು ಅಂದ ಹೊಲ."

"ಅದಲಿಬದಲಿ ಆದ್ರೂ ನೀ ಪ್ರತಿ ವರ್ಷ ಬಾರವ್ವಾ. ನಾನೇ ಕರೀತೀನಿ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಈರಮ್ಮ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದಳು. "ಕರದ್ರ ಬರೂದು ನೆಂಟಸ್ತಿಕಿ, ನನ್ನವ್ವಾ. ಕರೀಲಾರದ ಬರೂದು ನನ್ನ ಹಕ್ಕು."

ನಮ್ಮವರಿಗೆ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿದೆ. ಟ್ಯಾಂಕರು ಬಾರದ ದಿನಗಳಲ್ಲಿ ಮಾತ್ರ ನುಂಗುವುದು ಕಷ್ಟವಾಗುತ್ತಿತ್ತು.

ಹೀಗಿರಲು ಈ ವರ್ಷ ಸಿಟಿ ನಿಜವಾಗಿಯೂ ಈ ಕಡೆ ತಿರುಗಿತು. ರಾಯಚೂರು ಮಹಾನಗರವಾಯಿತು. ಆದ ದಿನ ನಮಗೇನೂ ತಿಳಿಯಲಿಲ್ಲ, ಅಂದೂ ಕರೆಂಟು ಹೋಗಿತ್ತು. ಆಮೇಲೆ ಸುದ್ದಿ ಬಂತು. ಊರ ಸುತ್ತ ವರ್ತುಲ ರಸ್ತೆ ಬರ್ತದಂತೆ, ನಮ್ಮ ಕಮಾನಿನ ಪಕ್ಕಕ್ಕೇ ಹಾಯ್ತದಂತೆ, ಬಡಾವಣೆಯನ್ನು ಪಾಲಿಕೆಗೆ ಸೇರಿಸಿಕೊಳ್ತಾರಂತೆ. ಒಂದು ದಿನ ಯಾರೋ ಬಂದು ಎರಡು ಹೊಲದಾಚೆ ಹಳದಿ ಕಲ್ಲು ನೆಟ್ಟು ಹೋದರು. ನಮ್ಮವರು ಕಟಿಂಗ್ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹಳದಿ ಕಲ್ಲು ನೋಡಲು ಎರಡು ಹೊತ್ತೂ ಹೋಗತೊಡಗಿದರು. ಚಪ್ಪಲಿಯ ಮುಳ್ಳು ಹೆಚ್ಚಾದದ್ದು ಆಗಲೇ. ಪಾಲಿಕೆಗೆ ಸೇರಿದರೆ ನೀರು, ದೀಪ, ರಸ್ತೆ. ಆದರೆ ಜಾಗದ ಕಾಗದ ಸಾಫ್ ಇದ್ದವರಿಗೆ ಮಾತ್ರ.

"ಈ ಸಲ ಹೂ ಬೀಳಬೇಕು" ಎಂದರು. ದೇವರ ವಿಷಯದಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಶರಣಪ್ಪನೂ ಫೋನಿನಲ್ಲಿ ಅದನ್ನೇ ಹೇಳಿದ್ದ. "ರಸ್ತಾ ಬರಾಕತ್ತದ ಕಾಕಾ. ರೇಟ್ ಏರೇದ. ದೇವರಿಗಿ ರೇಟ್ ಗೊತ್ತಿರಂಗಿಲ್ಲ, ನಾವು ತಿಳಿಸಿ ಹೇಳಬೇಕು." ಎರಡೂ ಮನೆಯ ಗಂಡಸರು ಒಂದಾಗಿದ್ದರು. ಹೂ ಬೇಡವಾಗಿದ್ದದ್ದು ಈರಮ್ಮನೊಬ್ಬಳಿಗೆ.

ಅಮಾವಾಸ್ಯೆಯ ದಿನ ಆಕೆಯನ್ನು ಇಬ್ಬರು ಹಿಡಿದು ಟ್ರೇಲರಿನಿಂದ ಇಳಿಸಿದರು. ಒಂದೇ ವರ್ಷದಲ್ಲಿ ಇಳಿದುಹೋಗಿದ್ದಳು. ಮಂಡಿ ಬಗ್ಗುತ್ತಿರಲಿಲ್ಲ, ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು. ಪೂಜೆಯಾಯಿತು. ಹೂವಿನ ಹೊತ್ತು ಬಂದಾಗ ಶರಣಪ್ಪ ತಾಯಿಯ ಕೈಯಿಂದ ಸೇವಂತಿಗೆ ತೆಗೆದುಕೊಂಡ. "ನಿನ್ನ ಕೈಲೆ ಆಗಂಗಿಲ್ಲ, ಬಿಡಬೇ. ನಾ ಹಚ್ಚತೀನಿ."

"ನೀ ಬ್ಯಾಡ" ಎಂದಳು ಈರಮ್ಮ. "ನೀ ನಮ್ಮ ಮನ್ಯಾಂವ, ನಿನ್ನ ಕೈಯಾಗ ಬಿದ್ರ ನೀನ ಬೀಳಿಸೀದಿ ಅಂತಾರ. ಟೀಚರಮ್ಮ ಹಚ್ಚಲಿ. ಆಕಿ ಮನೀನ ಅದ, ಆಕಿಗೇ ಗರಜು."

ಶರಣಪ್ಪನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ನಮ್ಮವರಂತೂ ಅರಳಿದರು. ನನ್ನ ಹೆಂಡತಿ, ನನ್ನ ಖಾತೆ, ನನ್ನ ನೀರು ಎಂದೆಲ್ಲ ಅವರ ಮುಖದಲ್ಲಿ ಓದಬಹುದಿತ್ತು. ಈರಮ್ಮ ನನ್ನ ಕಡೆ ನೋಡಲಿಲ್ಲ. ಬನ್ನಿ ಮರಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು.

ನನಗೂ ನಲ್ಲಿಯ ನೀರು ಬೇಕಿತ್ತು. ಬಹಳ ಬೇಕಿತ್ತು. ಕೊಡ ಎತ್ತಿ ಎತ್ತಿ ನನ್ನ ಸೊಂಟ ಸೋತಿದೆ. ಈ ವಯಸ್ಸಿನಲ್ಲಿ ನನ್ನದೆಂಬ ನೆಲದ ಮೇಲೆ ನಿಶ್ಚಿಂತೆಯಿಂದ ಮಲಗಬೇಕೆಂದು ಆಸೆಯಿತ್ತು. ಹೂವನ್ನು ಬರೀ ನೀರಿನಲ್ಲಿ ಅದ್ದಿ ಹಚ್ಚಿದರೆ ಸಾಕು, ಗಾಳಿಗೆ ಅರ್ಧ ಗಳಿಗೆಯಲ್ಲಿ ಬೀಳುತ್ತಿತ್ತು. ಎಡಕ್ಕೆ ಬಿದ್ದರೂ ಬಲಕ್ಕೆ ಬಿತ್ತೆಂದು ಕೂಗಲು ಇಬ್ಬರು ಗಂಡಸರು ಸಿದ್ಧರಿದ್ದರು.

"ನೀರು ತರತೀನಿ ತಡೀರಿ" ಎಂದು ಹೂ ಹಿಡಿದು ಅಡುಗೆಮನೆಗೆ ಹೋದೆ. ಒಲೆಯ ಪಕ್ಕ ಹಿಂದಿನ ದಿನ ಕಾಯಿಸಿಟ್ಟ ಬೆಲ್ಲದ ಪಾಕವಿತ್ತು, ಆರಿ ಗಟ್ಟಿ ಅಂಟಾಗಿತ್ತು. ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು. ತೊಟ್ಟನ್ನು ಪಾಕದಲ್ಲಿ ಪೂರ್ತಿ ಅದ್ದಿದೆ. ಹೊರಗೆ ಬಂದು ಭೀಮನ ಹಣೆಗೆ ಒತ್ತಿ ಹಿಡಿದೆ. ಭಕ್ತಿಯಿಂದ ಹಿಡಿದಳೆಂದು ಎಲ್ಲರೂ ತಿಳಿದರು.

ಚರಗವಾಯಿತು, ಊಟವಾಯಿತು. ಈ ಸಲ ಮನೆಯೊಳಗಿನ ಚರಗವನ್ನು ಈರಮ್ಮ ನನ್ನ ಕೈಯಿಂದಲೇ ಚೆಲ್ಲಿಸಿದಳು. ನನ್ನದಲ್ಲದ ನೆಲದ ಮೇಲಿನ ನನ್ನ ಮನೆಯಲ್ಲಿ, ನನ್ನ ಹಾಸಿಗೆಯ ಮೇಲೆ ನಾನೇ ರೊಟ್ಟಿ ಚೂರು ಚೆಲ್ಲಿ "ಹುಲ್ಲುಲ್ಲಿಗ್ಯೋ" ಎಂದು ಒದರಿದೆ. ಹೂ ಅಲುಗಲಿಲ್ಲ. ಯಾಪಲದಿನ್ನಿ ದೂರ, ಹೊತ್ತಾಗುತ್ತದೆಂದು ಟ್ರ್ಯಾಕ್ಟರು ಹೊರಟಿತು. "ಹೊತ್ತು ಮುಳಗೂತನಕ ಟೈಮ್ ಅದ ಕಾಕಾ. ನೀವು ಕಾಯ್ರಿ, ನಾ ಫೋನ್ ಹಚ್ಚತೀನಿ" ಎಂದ ಶರಣಪ್ಪ. ಟ್ರೇಲರಿನಲ್ಲಿ ಕೂತ ಈರಮ್ಮ ನನ್ನ ಕಡೆ ತಿರುಗಿ ನಡುಗುವ ಕೈ ಎತ್ತಿದಳು.

ನಮ್ಮವರು ಕುರ್ಚಿ ಹಾಕಿಕೊಂಡು ಭೀಮನ ಎದುರು ಕೂತರು. ನಾನು ಒಳಗೆ ಸೋಫಾ ಝಾಡಿಸುತ್ತ ಕಿಟಕಿಯಿಂದ ನೋಡುತ್ತಿದ್ದೆ. ಬಿಸಿಲು ಕೆಂಪಾದಾಗ ಅವರು ಮುಂದಕ್ಕೆ ಬಾಗಿದರು. ಕನ್ನಡಕ ಸರಿಪಡಿಸಿಕೊಂಡು ಇನ್ನಷ್ಟು ಬಾಗಿದರು. ಬೆರಳಿನಿಂದ ಹೂವನ್ನು ಮುಟ್ಟಿದರು, ಮೆಲ್ಲಗೆ ಜಗ್ಗಿದರು. ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದರು. ಬೆರಳ ಮೇಲೆ ಇರುವೆಗಳು ಹರಿಯುತ್ತಿದ್ದವು. ತಿರುಗಿ ಕಿಟಕಿಯ ಕಡೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಅವರು ಟ್ರ್ಯಾಕ್ಟರು ಹೋದ ದಾರಿಯ ಕಡೆ ಒಮ್ಮೆ ನೋಡಿ ಮತ್ತೆ ಕುರ್ಚಿಗೆ ಒರಗಿದರು.

ಫೋನು ಬಡಿದುಕೊಂಡಿತು. ಶರಣಪ್ಪನ ದನಿ ಕಿಟಕಿಯವರೆಗೂ ಕೇಳುತ್ತಿತ್ತು.

"ಕಾಕಾ, ಹೂ ಬಿತ್ತೇನ್ರಿ?"

"ಇಲ್ಲಪ್ಪಾ" ಎಂದರು ನಮ್ಮವರು, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ. "ಈ ವರ್ಷಾನೂ ಒಪ್ಪಲಿಲ್ಲ. ನಿಮ್ಮವ್ವಗ ಹೇಳು, ಭೀಮ ಭಾಳ ಗಟ್ಟಿ ಅದಾನಂತ."